ಕಾಲು ಇದ್ದಷ್ಟು ಕುದುರೆ ಇರಲಿ

ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಭಾಗದಲ್ಲಿ ಕುದುರೆಗೆ ಈಗ ಉಳಿದಿರುವುದು ಹೆಚ್ಚುಕಡಿಮೆ ಎರಡೇ ಕೆಲಸ. ಮದುಮಗನನ್ನು ಹೊತ್ತು ಹನುಮಪ್ಪನ ಗುಡಿಗೆ ಹೋಗಿಬರುವುದು ಒಂದು. ಜಯಂತಿ ಮೆರವಣಿಗೆಯಲ್ಲಿ ವೇಷ ಹಾಕಿದ ಮಗುವನ್ನು ಹೊತ್ತು ಊರು ಸುತ್ತುವುದು ಇನ್ನೊಂದು. ಈ ಎರಡು ಕೆಲಸಕ್ಕೂ ಒಂದು ಸಾಮ್ಯ ಇದೆ. ಮೇಲೆ ಕೂತವನು ಜೀವಮಾನದಲ್ಲಿ ಮೊದಲ ಸಲ ಕುದುರೆ ಹತ್ತಿರುತ್ತಾನೆ. ಕೆಳಗಿರುವ ಕುದುರೆಗೆ ಅದು ಆ ತಿಂಗಳ ಹತ್ತನೆಯದೋ ಇಪ್ಪತ್ತನೆಯದೋ ಮೆರವಣಿಗೆ.

ಫೆಬ್ರುವರಿ 19 ಬಂದರೆ ನಾರಾಯಣಪೇಟೆಯ ಮರಾಠಿ ಮನೆಗಳಲ್ಲಿ ಶಿವಾಜಿ ವೇಷದ ಸಂಭ್ರಮ. ಬಸವ ಜಯಂತಿಗೆ ಆಚೆ ರಾಯಚೂರು ಕಡೆ ಬಸವಣ್ಣನ ವೇಷ. ಶಾಲೆಯ ಕಾರ್ಯಕ್ರಮಗಳಲ್ಲಿ ಕಿತ್ತೂರು ಚೆನ್ನಮ್ಮ, ಝಾನ್ಸಿ ರಾಣಿ. ಎಲ್ಲರೂ ಕುದುರೆ ಏರಿದವರೇ, ಹಾಗಾಗಿ ಮಗುವನ್ನೂ ಕುದುರೆ ಏರಿಸಬೇಕು. ಕುದುರೆಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ, ಕೃಷ್ಣಾ ದಾಟಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಟೆಂಪೋದಲ್ಲಿ ನಿಂತುಕೊಂಡೇ ಬರುತ್ತದೆ.

ಮದುವೆ ಮನೆಯಲ್ಲಿ ಅಳತೆ ತೆಗೆಯದ ವಸ್ತು ಇಲ್ಲ. ಶೇರವಾನಿಗೆ ಟೇಲರು ಮೂರು ಸಲ ಅಳತೆ ತೆಗೆಯುತ್ತಾನೆ. ಮಗುವಿನ ಮೋಜಡಿ ಒಂದು ನಂಬರ್ ಹೆಚ್ಚುಕಮ್ಮಿ ಆದರೆ ಅಂಗಡಿಗೆ ವಾಪಸ್ ಹೋಗುತ್ತದೆ. ಕುದುರೆ ಮಾತ್ರ ಫೋನಿನಲ್ಲೇ ಬುಕ್ ಆಗುತ್ತದೆ. ಕೇಳುವುದು ಮೂರೇ ಮಾತು: ಬಿಳಿ ಇರಬೇಕು, ಎತ್ತರ ಇರಬೇಕು, ಬ್ಯಾಂಡಿಗೆ ಕುಣೀಬೇಕು. ಈ ಮೂರರಲ್ಲಿ ಬಣ್ಣದಿಂದ ಯಾರಿಗೂ ತೊಂದರೆ ಇಲ್ಲ. ಉಳಿದ ಎರಡು ಗುಣಗಳಿವೆಯಲ್ಲ, ಮೊದಲ ಸಲ ಹತ್ತುವ ಮಗುವಿಗೆ ಯಾವ ಕುದುರೆ ಬೇಡವೋ ಅದರ ಲಕ್ಷಣಗಳೇ ಅವು.

ಒಂದು ಊರಿನ ಮೆರವಣಿಗೆಯಲ್ಲಿ ಕಣ್ಣಾರೆ ಕಂಡಿದ್ದು ಹೇಳುತ್ತೇನೆ, ಊರಿನ ಹೆಸರು ಬೇಡ. ಎಂಟು ವರ್ಷದ ಹುಡುಗ, ತಲೆಗೆ ಕೇಸರಿ ಫೇಟಾ, ಅಂಟಿಸಿದ ಗಡ್ಡ, ಕೈಯಲ್ಲಿ ತಗಡಿನ ಕತ್ತಿ. ಕುದುರೆ ಅರವತ್ತು ಇಂಚಿಗೆ ಕಡಿಮೆ ಇರಲಿಲ್ಲ. ಹಿಂದೆ ಯಾರೋ ಪಟಾಕಿ ಸರ ಹಚ್ಚಿದರು. ಕುದುರೆ ಓಡಲೂ ಇಲ್ಲ, ನೆಗೆಯಲೂ ಇಲ್ಲ, ಬರೀ ಪಕ್ಕಕ್ಕೆ ಎರಡು ಹೆಜ್ಜೆ ಸರಿಯಿತು ಅಷ್ಟೇ. ಹುಡುಗ ಇನ್ನೊಂದು ಪಕ್ಕಕ್ಕೆ ಜಾರಿದ. ಒಂದು ಕಾಲು ರಿಕಾಪಿನೊಳಗೆ ಹಿಮ್ಮಡಿವರೆಗೂ ಹೊಕ್ಕಿತ್ತು. ಕುದುರೆಯವನು ಲಗಾಮು ಹಿಡಿದು ನಿಲ್ಲಿಸಿದ, ಇನ್ನೊಬ್ಬರು ಓಡಿಬಂದು ಕಾಲು ಬಿಡಿಸಿದರು. ಮೊಣಕೈ ಮುರಿದಿದ್ದರಲ್ಲೇ ಮುಗಿಯಿತು. ಯಾರೂ ಸಾಯಲಿಲ್ಲವಾದ್ದರಿಂದ ಅದು ಸುದ್ದಿಯೂ ಆಗಲಿಲ್ಲ. ಪತ್ರಿಕೆಗೆ ಹೋಗಿದ್ದು ಮೆರವಣಿಗೆ ವಿಜೃಂಭಣೆಯಿಂದ ನಡೆಯಿತು ಎಂಬ ನಾಲ್ಕು ಸಾಲು, ಗಣ್ಯರ ಹೆಸರುಗಳು.

ಅಲ್ಲಿದ್ದವರೆಲ್ಲ ಬೈದಿದ್ದು ಕುದುರೆಯನ್ನು, ಆಮೇಲೆ ಪಟಾಕಿ ಹಚ್ಚಿದವನನ್ನು. ಆದರೆ ಹುಡುಗನಿಗೂ ಕುದುರೆಗೂ ತಾಳೆ ಇಲ್ಲ ಎಂಬುದನ್ನು ಯಾರೂ ಆಡಲಿಲ್ಲ.

ತಾಳೆ ಅಂದರೆ ಏನು? ಲೆಕ್ಕ ಸರಳ ಇದೆ. ನಮ್ಮ ಕಡೆ ಕುದುರೆ ವ್ಯಾಪಾರದವರು ಎತ್ತರವನ್ನು ಇಂಚಿನಲ್ಲಿ ಹೇಳುತ್ತಾರೆ. ಕುತ್ತಿಗೆ ಬೆನ್ನಿಗೆ ಕೂಡುವ ಕಡೆ ಇರುವ ದಿಬ್ಬದಿಂದ ನೆಲದವರೆಗಿನ ಅಳತೆ ಅದು. ಮದುವೆಗೆ ಬರುವ ದೊಡ್ಡ ಕುದುರೆ ಅರವತ್ತು, ಅರವತ್ತೆರಡು ಇಂಚು. ಎಂಟು ವರ್ಷದ ಹುಡುಗ ನಿಂತರೆ ಐವತ್ತು ಇಂಚು. ಅಂದರೆ ಕುದುರೆಯ ಬೆನ್ನು ಅವನ ತಲೆಗಿಂತ ಹತ್ತು ಇಂಚು ಮೇಲಿದೆ. ಅವನು ಹತ್ತುವುದಿಲ್ಲ, ಅವನನ್ನು ಎತ್ತಿ ಇಡುತ್ತಾರೆ. ಮೂಟೆ ಇಟ್ಟಂತೆ.

ಕೂತ ಮೇಲೆ ನೋಡಬೇಕಾದ್ದು ಕಾಲು. ಕುದುರೆ ಮೇಲೆ ಮನುಷ್ಯ ಕೂಡುವುದು ಕೈಯಿಂದಲ್ಲ, ತೊಡೆ, ಮೊಣಕಾಲು, ಮೀನಖಂಡದಿಂದ. ದೊಡ್ಡ ಕುದುರೆಯ ಹೊಟ್ಟೆ ಪೀಪಾಯಿಯ ಹಾಗೆ ಅಗಲ. ಅದರ ಮೇಲೆ ದೊಡ್ಡವರ ಜೀನು, ಜೀನಿನ ಮೇಲೆ ಜರಿಯ ಝೂಲು. ಇಷ್ಟರ ಮೇಲೆ ಕೂತ ಮಗುವಿನ ಕಾಲು ಕೆಳಗೆ ಇಳಿಯುವುದೇ ಇಲ್ಲ, ತಕ್ಕಡಿಯ ದಂಡಿಗೆ ಹಾಗೆ ಅತ್ತಿತ್ತ ಚಾಚಿಕೊಂಡಿರುತ್ತದೆ. ಹಿಡಿತ ಎಲ್ಲಿಂದ ಬರಬೇಕು? ಮಗುವಿನ ಹಿಮ್ಮಡಿ ಕುದುರೆಯ ಪಕ್ಕೆಯ ಅರ್ಧದವರೆಗಾದರೂ ಇಳಿದು ತಾಗಬೇಕು. ಇಳಿಯದಿದ್ದರೆ ಆ ಕುದುರೆ ಆ ಮಗುವಿನದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಸಂಸಾರಕ್ಕೆ. ಕುದುರೆ ವಿಷಯದಲ್ಲಿ ಅದನ್ನು ತಿರುಗಿಸಿ ಹೇಳಬೇಕು, ಕಾಲು ಇದ್ದಷ್ಟು ಕುದುರೆ.

ರಿಕಾಪಿನದು ಇನ್ನೂ ಅಪಾಯದ ಮಾತು. ಅದು ಪಾದರಕ್ಷೆಗಿಂತ ಒಂದು ಇಂಚು ಅಗಲ ಇದ್ದರೆ ಸಾಕು. ತೀರ ಬಿಗಿ ಇದ್ದರೆ ಪಾದ ಸಿಕ್ಕಿಕೊಳ್ಳುತ್ತದೆ, ತೀರ ಅಗಲ ಇದ್ದರೆ ಇಡೀ ಪಾದ ಒಳಹೋಗಿ ಆಚೆ ಬರುತ್ತದೆ. ದೊಡ್ಡವರ ರಿಕಾಪಿಗೆ ಮಗುವಿನ ಪಾದ ಎರಡನೆಯ ಸ್ಥಿತಿ. ಬಿದ್ದರೆ ನೋವು, ಬಿದ್ದು ಕಾಲು ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಹೋಗುತ್ತದೆ. ಮಕ್ಕಳ ರಿಕಾಪು ಇಲ್ಲದಿದ್ದರೆ ರಿಕಾಪನ್ನೇ ತೆಗೆದುಬಿಡುವುದು, ಇಲ್ಲವೆ ಜೀನಿನ ಮೇಲಕ್ಕೆ ಮಡಚಿ ಕಟ್ಟುವುದು ಲೇಸು. ಜರಿ ಪಟ್ಟಿಯಿಂದ ಮಗುವಿನ ಕಾಲನ್ನೇ ಜೀನಿಗೆ ಕಟ್ಟುವ ಜಾಣರೂ ಇದ್ದಾರೆ! ಕುದುರೆ ಮುಗ್ಗರಿಸಿ ಬಿದ್ದರೆ ಆ ಮಗು ಅದರ ಅಡಿಗೇ ಹೋಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಎತ್ತರದಿಂದ ಬಿದ್ದರೆ ಪೆಟ್ಟು ಜಾಸ್ತಿ, ಅದಕ್ಕೆ ಸಣ್ಣ ಕುದುರೆ ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿ ಅಲ್ಲ. ಐವತ್ತು ಇಂಚಿನ ತಟ್ಟಿಗೂ ಅರವತ್ತು ಇಂಚಿನ ಕುದುರೆಗೂ ಬೀಳುವ ಎತ್ತರದಲ್ಲಿ ಇರುವುದು ಹತ್ತೇ ಇಂಚಿನ ಫರಕು. ತಟ್ಟಿನ ಮೇಲಿಂದ ಬಿದ್ದರೂ ತಲೆ ಒಡೆಯಬಹುದು. ನಿಜವಾದ ಫರಕು ಪಕ್ಕದಲ್ಲಿ ನಡೆಯುವ ದೊಡ್ಡವರದು. ತಟ್ಟಿನ ಮೇಲೆ ಕೂತ ಮಗುವಿನ ನಡು ಅಪ್ಪನ ಎದೆಯ ಮಟ್ಟಕ್ಕೆ ಬರುತ್ತದೆ, ನಡೆಯುತ್ತಲೇ ತೋಳು ಬಳಸಿ ಹಿಡಿಯಬಹುದು, ಜಾರಿದರೆ ಅಪ್ಪನ ತೋಳಿಗೇ ಜಾರುತ್ತದೆ. ಅರವತ್ತೆರಡು ಇಂಚಿನ ಕುದುರೆ ಪಕ್ಕದಲ್ಲಿ ನಡೆಯುವ ಅಪ್ಪನ ಕೈಗೆ ಸಲೀಸಾಗಿ ಸಿಗುವುದು ಮಗುವಿನ ಪಾದ ಮಾತ್ರ.

ಇನ್ನು ಲಗಾಮು. ಹೆದರಿದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗುತ್ತಾನೆ. ಕುದುರೆ ಮೇಲೆ ಕೈಗೆ ಸಿಗುವುದು ಲಗಾಮೇ. ಅದನ್ನು ಜೋರಾಗಿ ಜಗ್ಗಿದರೆ ಕುದುರೆಯ ಬಾಯಲ್ಲಿರುವ ಕಬ್ಬಿಣ ದವಡೆಗೆ ಒತ್ತುತ್ತದೆ. ಅದು ತಲೆ ಕೊಡವುತ್ತದೆ, ಹಿಂದಕ್ಕೆ ಸರಿಯುತ್ತದೆ, ನೋವು ಹೆಚ್ಚಾದರೆ ಮುಂಗಾಲು ಎತ್ತಿ ನಿಲ್ಲುತ್ತದೆ. ಕುಣಿಯಲಿ ಅಂತ ಮುಳ್ಳಿರುವ ಕಡಿವಾಣ ಹಾಕುವವರಿದ್ದಾರೆ. ಅಂಥ ಕಡಿವಾಣ 1965ರ ಕೇಂದ್ರ ನಿಯಮಗಳ ಪ್ರಕಾರ ನಿಷಿದ್ಧ. ಅಂದಮೇಲೆ ಮಗುವಿನ ಕೈಗೆ ಲಗಾಮು ಕೊಡಲೇಬಾರದು. ಜೀನಿನ ಮುಂಭಾಗಕ್ಕೆ ಒಂದು ಗಟ್ಟಿ ಪಟ್ಟಿ ಕಟ್ಟಿ ಅದನ್ನು ಹಿಡಿಸಬೇಕು, ಪಟ್ಟಿ ಇಲ್ಲದಿದ್ದರೆ ಕುದುರೆಯ ಕುತ್ತಿಗೆಯ ಕೂದಲನ್ನಾದರೂ. ಫೋಟೋದಲ್ಲಿ ಚೆಂದ ಕಾಣಲಿಕ್ಕಿಲ್ಲ. ಮೊಣಕೈಗೆ ಪ್ಲಾಸ್ಟರ್ ಹಾಕಿದ ಫೋಟೋಕ್ಕಿಂತ ಚೆಂದ ಕಂಡೀತು.

ಮದುಮಗನದು ಇದರ ಉಲ್ಟಾ ಕಥೆ. ಮಗುವಿಗೆ ಕುದುರೆ ದೊಡ್ಡದಾಗುತ್ತದೆ, ಮದುಮಗನಿಗೆ ಸಣ್ಣದಾಗುತ್ತದೆ. ಬಿ.ಕಾಂ. ಓದಿದವನಿಗೆ ಲೆಕ್ಕ ಹಾಕುವ ಚಟ ಬಿಡುವುದಿಲ್ಲ, ಹಾಕಿಯೇಬಿಡೋಣ. ಮದುಮಗ 75 ಕೆ.ಜಿ. ಜೀನು, ಝೂಲು, ಹಿತ್ತಾಳೆ ಸಾಮಾನು ಎಲ್ಲ ಸೇರಿ ಹತ್ತು ಹದಿನೈದು ಕೆ.ಜಿ.ಗೆ ಕಡಿಮೆ ಹಿಡಿಯುವಂತಿಲ್ಲ. ಮುಂದೆ ಅಕ್ಕನ ಮಗನೋ ಅಣ್ಣನ ಮಗನೋ ಒಬ್ಬ ಸಣ್ಣವನು ಕೂಡುತ್ತಾನೆ, ತೆಲುಗಿನವರು ತೋಡು ಪೆಳ್ಳಿಕೊಡುಕು ಅನ್ನುವವನು. ಅವನದು ಒಂದು 18 ಕೆ.ಜಿ. ಒಟ್ಟು ನೂರು ದಾಟಿತು. 2008ರಲ್ಲಿ ಅಮೆರಿಕದ ಓಹಿಯೋದಲ್ಲಿ ಎಂಟು ಕುದುರೆಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಕುದುರೆಯ ಸ್ವಂತ ತೂಕದ ನೂರಕ್ಕೆ 20ರವರೆಗೆ ಹೊರೆ ಇದ್ದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ, 25 ಮತ್ತು 30ಕ್ಕೆ ಹೋದಾಗ ಎದೆಬಡಿತ ಏರಿತು, ಬೆನ್ನಿನ ಸ್ನಾಯುಗಳಲ್ಲಿ ನೋವು ಕಾಣಿಸಿತು. ಆ ಲೆಕ್ಕಕ್ಕೆ 350 ಕೆ.ಜಿ.ಯ ಒಳ್ಳೇ ಕುದುರೆಯೂ ಹೊರಬೇಕಾದ್ದು 70 ಕೆ.ಜಿ., ಅದೂ ಜೀನು ಸೇರಿ. 230 ಕೆ.ಜಿ.ಯ ತಟ್ಟು 46 ಕೆ.ಜಿ. ನಮ್ಮ ಮದುಮಗನ ಮೆರವಣಿಗೆ ದೊಡ್ಡ ಕುದುರೆಗೇ ಹೆಚ್ಚಾಯಿತು, ಬಜೆಟ್ ಇಲ್ಲ ಅಂತ ಅಗ್ಗದ ತಟ್ಟು ತಂದ ಕಡೆಯಂತೂ ಕೇಳುವುದೇ ಬೇಡ.

ಕಾನೂನಿನಲ್ಲೂ ಇದಕ್ಕೆ ಹತ್ತಿರದ ಮಾತು ಇದೆ. ಮುಳ್ಳು ಕಡಿವಾಣ ಬೇಡ ಅಂದ ಅದೇ 1965ರ ನಿಯಮಗಳಲ್ಲಿ, ಹೊರೆ ಹೊರುವ ತಟ್ಟಿನ ಮೇಲೆ 70 ಕೆ.ಜಿ.ಗಿಂತ ಹೆಚ್ಚು ಹೇರಬಾರದು ಎಂದಿದೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಇಂಥ ಪ್ರಾಣಿಗಳಿಂದ ಕೆಲಸ ಮಾಡಿಸಬಾರದು ಎಂದೂ ಇದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮುಹೂರ್ತ ಎಷ್ಟು ಹೊತ್ತಿಗೆ ಇರುತ್ತದೆ ಅಂತ ಓದುಗರಿಗೆ ಹೇಳಬೇಕಿಲ್ಲ. ಮದುಮಗ ಹೊರೆ ಅಲ್ಲ, ಸವಾರ ಅಂತ ವಾದ ಮಾಡಬಹುದು. ಕುದುರೆಯ ಬೆನ್ನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ದಂಡದ ಭಯ ಇದೆಯೇ ಅಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇರುವ ದಂಡ 10ರಿಂದ 50 ರೂಪಾಯಿ. ಒಂದೆರಡು ಪ್ಲೇಟ್ ಮಿರ್ಚಿಯ ದುಡ್ಡು! ಹಾಗಾಗಿ ಇದನ್ನು ಪೊಲೀಸರು ನೋಡಿಕೊಳ್ಳಲಿ ಅಂತ ಕೂಡುವುದು ವ್ಯರ್ಥ.

ನನ್ನ ದೊಡ್ಡ ತಕರಾರು ಇರುವುದು ಆ ಮುಂದೆ ಕೂಡುವ ಸಣ್ಣವನ ವಿಷಯದಲ್ಲಿ. ಒಂದೇ ಕುದುರೆ ಇಬ್ಬರಿಗೂ ಹೊಂದಲು ಸಾಧ್ಯವೇ ಇಲ್ಲ. ಮದುಮಗನ ತೂಕ ತಡೆಯುವ ಕುದುರೆ ಮಗುವಿನ ಕಾಲಿಗೆ ಅಗಲ, ಮಗುವಿನ ಕಾಲಿಗೆ ಹೊಂದುವ ತಟ್ಟು ಮದುಮಗನ ತೂಕಕ್ಕೆ ಕುಸಿಯುತ್ತದೆ. ಮಗು ಕೂಡುವುದು ಜೀನಿನ ಮೇಲೂ ಅಲ್ಲ, ಜೀನಿನ ಮುಂದಿನ ಏಣಿನ ಮೇಲೆ. ಅದನ್ನು ಹಿಡಿದುಕೊಂಡವನು ಯಾರು? ತಾನೇ ಮೊದಲ ಸಲ ಹತ್ತಿದ, ಕಣ್ಣಿಗೆ ಬಾಸಿಂಗ ಇಳಿಬಿದ್ದ, ಒಂದು ಕೈಯಲ್ಲಿ ಕಠಾರಿ ಹಿಡಿದ ಮದುಮಗ. ಶಾಸ್ತ್ರ ಬಿಡಲಾಗದು ಅನ್ನುವವರು ಗುಡಿಯ ಬಾಗಿಲಲ್ಲಿ ಕುದುರೆ ನಿಂತಾಗ ಎರಡು ನಿಮಿಷ ಮಗುವನ್ನು ಕೂಡಿಸಿ ಇಳಿಸಲಿ, ಶಾಸ್ತ್ರವೂ ಆಯಿತು, ಫೋಟೋವೂ ಆಯಿತು.

ಹಾಗಾದರೆ ಮಕ್ಕಳಿಗೆ ಸಣ್ಣ ಕುದುರೆ ಎಲ್ಲಿಂದ ತರೋಣ ಅನ್ನಬಹುದು. ಇಲ್ಲಿಯೇ ನಮ್ಮ ನೆಲದ ಒಂದು ಮಾತು ನೆನಪಿಸಬೇಕಿದೆ. ನಮ್ಮ ಕೃಷ್ಣಾ ಸ್ಟೇಷನ್ನಿನ ಹತ್ತಿರವೇ ಕೃಷ್ಣೆಗೆ ಬಂದು ಕೂಡುವ ಭೀಮಾ ನದಿ ಇದೆಯಲ್ಲ, ಅದರ ಹೆಸರಿನದೇ ಒಂದು ಕುದುರೆ ತಳಿ ಇದೆ. ಮರಾಠಿಯಲ್ಲಿ ಭೀಮಥಡಿ. ಥಡಿ ಅಂದರೆ ನಮ್ಮ ಕನ್ನಡದ ತಡಿಯೇ, ನದಿಯ ದಂಡೆ. ಎತ್ತರ ಸುಮಾರು ಐವತ್ತು, ಐವತ್ತೆರಡು ಇಂಚು. ಮೈ ಗಟ್ಟಿ, ಗೊರಸು ಗಟ್ಟಿ, ಮೇವು ಕಡಿಮೆ ಸಾಕು. ಪುಣೆ, ಸಾತಾರಾ, ಸೋಲಾಪುರ ಭಾಗದ ಧನಗರರು, ಅಂದರೆ ನಮ್ಮ ಕುರುಬರ ಬಳಗದವರು, ಕುರಿ ಹಿಂಡಿನ ಜೊತೆ ಊರೂರು ತಿರುಗುವಾಗ ಸಂಸಾರದ ಸಾಮಾನೆಲ್ಲ ಇದರ ಬೆನ್ನಿಗೇ. ಗಂಟುಮೂಟೆ, ಕೋಳಿ, ಆಗಷ್ಟೇ ಹುಟ್ಟಿದ ಕುರಿಮರಿ, ಅದರ ಪಕ್ಕದಲ್ಲಿ ಮನೆಯ ಕೂಸು. ಮಕ್ಕಳನ್ನು ಹೊರುವುದರಲ್ಲಿ ಇದಕ್ಕಿಂತ ಹಳೆಯ ಅನುಭವ ಇರುವ ಕುದುರೆ ದಖ್ಖನಿನಲ್ಲಿ ಸಿಗಲಿಕ್ಕಿಲ್ಲ. ಬಹಳ ವರ್ಷ ಇದಕ್ಕೆ ತಳಿಯ ಪಟ್ಟವೇ ಇರಲಿಲ್ಲ, ಸುಮ್ಮನೆ ಊರ ತಟ್ಟು ಅಂತ ಕಡೆಗಣಿಸಿದ್ದರು. 2024ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರ ಇದನ್ನು ಮಾರವಾಡಿ, ಕಾಠಿಯಾವಾಡಿಗಳ ಸಾಲಿನಲ್ಲಿ ಪ್ರತ್ಯೇಕ ತಳಿ ಎಂದು ನೋಂದಾಯಿಸಿತು.

ತಟ್ಟಿನ ಮೇಲೆ ಶಿವಾಜಿಯೇ, ಮಹಾರಾಜರಿಗೆ ಅವಮಾನ ಅಲ್ಲವೇ ಎಂಬ ಆಕ್ಷೇಪ ಬರುತ್ತದೆ ಅಂತ ಗೊತ್ತು. ನಾನೂ ಮರಾಠಿ ಮಾತಾಡುವ ಮನೆಯಲ್ಲೇ ಬೆಳೆದವನು. ಆದರೆ ಇತಿಹಾಸ ಏನು ಹೇಳುತ್ತದೆ? ಮರಾಠರ ದಂಡು ಹೆಸರು ಮಾಡಿದ್ದೇ ಇಂಥ ಗಿಡ್ಡ, ಚುರುಕು ದಖ್ಖನಿ ಕುದುರೆಗಳ ಮೇಲೆ. ವಿಜಯನಗರದವರು, ಬಿಜಾಪುರದವರು ಹಡಗಿನಲ್ಲಿ ತರಿಸಿದ ಅರಬ್ಬಿ ಕುದುರೆಗಳಿಗೆ ಹೊನ್ನು ಸುರಿದರು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಇದೇ ಕೃಷ್ಣಾ ತೀರದಲ್ಲಿ ಯುದ್ಧ ಆದಾಗ ಎರಡೂ ಕಡೆ ಸಾವಿರಾರು ಕುದುರೆ ಇದ್ದವು. ಆದರೆ ಘಾಟು ಏರಿ, ಸಿಕ್ಕಿದ ಹುಲ್ಲು ತಿಂದು, ದಿನಗಟ್ಟಲೆ ಓಡಿದ್ದು ಭೀಮಾ, ನೀರಾ ದಂಡೆಯ ತಟ್ಟುಗಳು. ಶಿವಾಜಿ ವೇಷದ ಹುಡುಗನನ್ನು ಭೀಮಥಡಿ ಮೇಲೆ ಕೂಡಿಸಿದರೆ ಅವಮಾನ ಎಲ್ಲಿಂದ ಬಂತು? ಬಿಳಿ ಬಣ್ಣದ ಎತ್ತರದ ಮದುವೆ ಕುದುರೆಯೇ ಆ ವೇಷಕ್ಕೆ ಹೊಂದದ್ದು ಅಂತ ನಾನು ಹೇಳುತ್ತೇನೆ.

ಕುದುರೆ ಸಣ್ಣದಿದ್ದ ಮಾತ್ರಕ್ಕೆ ಸಾಧು ಎಂದು ತಿಳಿಯಬಾರದು. ಕಚ್ಚುವ, ಒದೆಯುವ ತಟ್ಟುಗಳು ಬೇಕಾದಷ್ಟಿವೆ, ದೊಡ್ಡ ಕುದುರೆಗಿಂತ ಹಟಮಾರಿಗಳು. ಅಳತೆ ನೋಡಿದ ಮೇಲೆ ಗುಣ ನೋಡಬೇಕು. ಮೊದಲ ಸಲ ಹತ್ತುವವರಿಗೆ ಮೂರು ವರ್ಷದ ಮರಿಗುದುರೆ ಬೇಡ, ಹತ್ತು ಹನ್ನೆರಡು ವರ್ಷ ಊರು ಕಂಡ, ಬ್ಯಾಂಡು ಕೇಳಿದ, ಲಾರಿ ಹಾರ್ನಿಗೆ ಕಿವಿ ಆಡಿಸಿ ಸುಮ್ಮನಾಗುವ ಹಳೇ ಕುದುರೆ ಬೇಕು. ಕಿವಿ ಹಿಂದಕ್ಕೆ ಮಲಗಿಸಿದ್ದರೆ, ಬಾಲ ಜೋರಾಗಿ ಹೊಡೆಯುತ್ತಿದ್ದರೆ, ಕಣ್ಣಿನ ಬಿಳಿ ಕಾಣುತ್ತಿದ್ದರೆ ಅದು ಇವತ್ತಿನ ಕೆಲಸಕ್ಕೆ ಮನಸ್ಸಿಲ್ಲದ ಕುದುರೆ. ಕುದುರೆಯವರನ್ನು ಕೇಳಿದರೆ ಬರುವ ಉತ್ತರ ಒಂದೇ, "ಏನೂ ಮಾಡಂಗಿಲ್ರೀ, ಬಂಗಾರದಂಥಾ ಕುದುರಿ." ಅವರನ್ನೂ ಪೂರ್ತಿ ದೂರುವಂತಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಕಡಲೆ, ಹುಲ್ಲು, ಲಾಳದ ಖರ್ಚು. ಎತ್ತರದ ಬಿಳಿ ಕುದುರೆಗೆ ಗಿರಾಕಿ ಇದ್ದರೆ ಅವರು ಅದನ್ನೇ ಸಾಕುತ್ತಾರೆ. ಮಕ್ಕಳಿಗೆ ಐವತ್ತು ಇಂಚಿನ ಶಾಂತ ತಟ್ಟು, ಸಣ್ಣ ಜೀನು, ಸಣ್ಣ ರಿಕಾಪು ಬೇಕು ಅಂತ ನಾಲ್ಕು ಊರಿನವರು ಕೇಳಿದರೆ ಅದೂ ಬರುತ್ತದೆ. ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆಗೆ ಪ್ರತಿವರ್ಷ ದೊಡ್ಡ ಕುದುರೆ ಸಂತೆ ಸೇರುತ್ತದೆ. ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ, ಕುದುರೆ ಏರಿದ ದೇವರು. ಕುದುರೆಯವರಿಗೆ ಆ ದಾರಿ ಗೊತ್ತು.

ಕೆಲವು ಮನೆಗಳಲ್ಲಿ ಮಗುವಿಗೆ ನಿಜವಾಗಿಯೂ ಸವಾರಿ ಕಲಿಯುವ ಆಸೆ ಹುಟ್ಟುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು ಟೋಕಿಯೋ ಒಲಿಂಪಿಕ್ಸಿಗೆ ಹೋದ ಮೇಲೆ ಈ ಆಸೆ ಹೆಚ್ಚಾಗಿರಲೂಬಹುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮಕ್ಕಳಿಗೆ ಬೇರೆಯೇ ವಿಭಾಗ ಇದೆ. ಅಲ್ಲಿಯ ಕುದುರೆ ಲಾಳ ಇಲ್ಲದೆ 148 ಸೆಂ.ಮೀ., ಅಂದರೆ ಐವತ್ತೆಂಟು ಇಂಚು ದಾಟುವಂತಿಲ್ಲ, ಅಧಿಕಾರಿಗಳು ಅಳತೆ ಮಾಡಿಯೇ ಒಳಗೆ ಬಿಡುತ್ತಾರೆ. ಪಳಗಿದ ಮಕ್ಕಳಿಗೇ ಐವತ್ತೆಂಟು ಇಂಚಿನ ಮಿತಿ! ನಮ್ಮ ಹುಡುಗ ಒಂದು ದಿನವೂ ಕಲಿಯದೆ ಅರವತ್ತೆರಡು ಇಂಚಿನದನ್ನು ಹತ್ತುತ್ತಾನೆ, ತಲೆಗೆ ಬಟ್ಟೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಫೇಟಾದ ಒಳಗೆ ಗಟ್ಟಿ ಹೆಲ್ಮೆಟ್ ಹಾಕಿ ಮೇಲೆ ಬಟ್ಟೆ ಸುತ್ತಿದರೆ ನೋಡುವವರಿಗೆ ಗೊತ್ತೂ ಆಗುವುದಿಲ್ಲ, ಫೇಟಾ ಸ್ವಲ್ಪ ದೊಡ್ಡದು ಕಾಣುತ್ತದೆ ಅಷ್ಟೇ.

ಗಡಿಯ ಎರಡೂ ಕಡೆಯ ಉತ್ಸವ ಸಮಿತಿಯವರು, ಶಾಲೆಯ ಮುಖ್ಯಗುರುಗಳು, ಮದುವೆ ಮನೆಯ ಹಿರಿಯರು ಮಾಡಬಹುದಾದ್ದು ದೊಡ್ಡ ಕೆಲಸವೇನಲ್ಲ. ಅಡ್ವಾನ್ಸ್ ಕೊಡುವ ಮೊದಲು ಮಗುವನ್ನು ಕರೆದುಕೊಂಡು ಹೋಗಿ ಆ ಕುದುರೆ ಮೇಲೆ ಒಮ್ಮೆ ಕೂಡಿಸಿ ನೋಡಿರಿ. ಹಿಮ್ಮಡಿ ಎಲ್ಲಿಗೆ ಬಂತು, ಪಾದ ರಿಕಾಪಿನಲ್ಲಿ ಹೇಗೆ ನಿಂತಿತು, ನಿಮ್ಮ ತೋಳು ಮಗುವಿನ ನಡುವಿಗೆ ಎಟುಕುತ್ತದೆಯೇ ನೋಡಿರಿ. ಕಡಿವಾಣವನ್ನು ಬಾಯಿಂದ ತೆಗೆಸಿ ಕೈಯಲ್ಲಿ ಹಿಡಿದು ಸವರಿ ನೋಡಿರಿ, ಮುಳ್ಳಿದ್ದರೆ ಬೆರಳಿಗೆ ತಿಳಿಯುತ್ತದೆ. ಮೆರವಣಿಗೆ ದಿನ ಡಿಜೆ ಗಾಡಿ ಎಲ್ಲಿರಬೇಕು, ಪಟಾಕಿ ಯಾವ ಓಣಿಯಲ್ಲಿ ಹಚ್ಚಬೇಕು ಎಂಬುದನ್ನು ಕುದುರೆಯವನ ಎದುರಿಗೇ ಗೊತ್ತು ಮಾಡಿರಿ. ಮಗುವಿನ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ದೊಡ್ಡವರು, ಮುಂದೆ ಲಗಾಮಿಗೆ ಕುದುರೆಯವನು, ಒಟ್ಟು ಮೂವರು ಪೂರ್ತಿ ದಾರಿ ನಡೆಯಬೇಕು. ಮಗು ಹೆದರಿ ಅತ್ತರೆ ಇಳಿಸಿಬಿಡಿರಿ, ಅಲಂಕಾರ ಮಾಡಿದ ಟ್ರ್ಯಾಕ್ಟರ್ ಹೇಗೂ ಹಿಂದೆ ಬರುತ್ತಿರುತ್ತದೆ.

ತೆಂಗಿನಕಾಯಿ ಒಡೆದು ಮೆರವಣಿಗೆ ಹೊರಡುವ ಮುನ್ನ ಇನ್ನೊಂದು ಕೆಲಸ ಇದೆ. ನಾಲ್ಕೈದು ಹೆಜ್ಜೆ ನಡೆಸಿ ನಿಲ್ಲಿಸಿ ಜೀನಿನ ಪಟ್ಟಿಯನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಪಟ್ಟಿ ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ನಡೆದ ಮೇಲೆ ಅದು ಸಡಿಲ ಆಗುತ್ತದೆ. ಜೀನು ಮಗುವಿನ ಸಮೇತ ಪಕ್ಕಕ್ಕೆ ತಿರುಗುವುದು ಹೆಚ್ಚಾಗಿ ಆಗಲೇ.